ಹಳದಿ ಪಿನ್ನು ಹೇಳುವುದೇನು, ಟಿವಿ ಕೇಳುವುದೇನು

ಇಟ್ಟಿಗಿಯ ಸೋದರಮಾವನ ಮನೆಯಲ್ಲಿ ಅಟ್ಟ ಗುಡಿಸುವಾಗ ತುಕ್ಕು ಹಿಡಿದ ಕುಂಟೆಯ ತಾಳು, ಹರಿದ ಚೀಲಗಳ ನಡುವೆ ಒಂದು ವಿಡಿಯೋ ಗೇಮ್ ಸಿಕ್ಕಿತು. ಕೊಟ್ಟೂರು ತೇರಿಗೆ ಹೋದಾಗ ಮಕ್ಕಳ ಹಟಕ್ಕೆ ಸೋತು ಮಾವ ಕೊಡಿಸಿದ್ದು. ಎರಡು ರಿಮೋಟು, ಒಂದು ಪ್ಲಾಸ್ಟಿಕ್ ಬಂದೂಕು, '9999 ಇನ್ 1' ಎಂದು ಬರೆದ ಹಳದಿ ಕ್ಯಾಸೆಟ್ಟು. ಆ ಕ್ಯಾಸೆಟ್ಟಿನಲ್ಲಿ ನಿಜಕ್ಕೂ ಇದ್ದದ್ದು ಹತ್ತಾರು ಆಟ. ಉಳಿದದ್ದೆಲ್ಲ ಅವೇ ಆಟಗಳು ಬೇರೆ ಹೆಸರಿನಲ್ಲಿ ಮತ್ತೆ ಮತ್ತೆ ಬರುವ ಪಟ್ಟಿ. ಯಂತ್ರದ ಬೆನ್ನಿಗೆ ಯಾರೋ ರಿಪೇರಿಯವರು ಕಾದ ಕಬ್ಬಿಣದಿಂದ ತೂತು ಮಾಡಿ ಹಳದಿ, ಕೆಂಪು ಎರಡು ಪಿನ್ನು ಕೂರಿಸಿದ್ದರು.

ಡಬ್ಬಾ ಟಿವಿಯಲ್ಲಿ ಅದು ವರ್ಷಗಟ್ಟಲೆ ಆಡಿತ್ತು. ಗೋಡೆಗೆ ತೂಗುಬಿದ್ದ ಎಲ್‌ಇಡಿ ಟಿವಿಗೆ ಸಿಕ್ಕಿಸಿದರೆ ಒಂದು ಗಳಿಗೆ ನೀಲಿ ಪರದೆ, ಒಂದು ಗಳಿಗೆ ಬೂದು ನೆರಳು, ಆಮೇಲೆ 'ನೋ ಸಿಗ್ನಲ್'. "ಹಾಳಾಗೇತಿ, ಗುಜರಿಗೆ ಹಾಕು" ಅಂದರು ಮಾವ. ಹಾಳಾಗಿರಲಿಲ್ಲ. ಯಂತ್ರ ಇಪ್ಪತ್ತೈದು ವರ್ಷದ ಹಿಂದೆ ಹೇಳುತ್ತಿದ್ದುದನ್ನೇ ಈಗಲೂ ಹೇಳುತ್ತಿತ್ತು. ಕೇಳುವವರು ಬದಲಾಗಿದ್ದರು.

ಹಳೆಯ ಗೇಮ್ ಯಂತ್ರವನ್ನು ತಿದ್ದಿ ಹೊಸ ಪರದೆಗೆ ಹೊಂದುವ ಚಿತ್ರ ತರುವ ಪ್ರಯತ್ನಗಳೆಲ್ಲ ಈ ಒಂದು ಬಿಕ್ಕಟ್ಟಿನ ಸುತ್ತಲೇ ಇವೆ. ಹೆಚ್ಚಿನವರು ಮೊದಲು ಮಾಡುವ ಕೆಲಸ ನಡುವೆ ಇಡಲು ಒಂದು ಡಬ್ಬಿ ಕೊಳ್ಳುವುದು. ಆದರೆ ಯಂತ್ರದಿಂದ ಪರದೆಯವರೆಗಿನ ದಾರಿಯಲ್ಲಿ ಸಂಕೇತ ಕೆಡಬಹುದಾದ ಜಾಗಗಳು ಹಲವು. ಎಲ್ಲಿ ಕೆಟ್ಟಿದೆಯೆಂದು ಗೊತ್ತಿಲ್ಲದೆ ಕೊಂಡ ಡಬ್ಬಿ ರೋಗ ಗೊತ್ತಿಲ್ಲದೆ ನುಂಗಿದ ಗುಳಿಗೆಯಂತೆ.

ಆಂಟೆನಾ ಕಾಲದ ಒಪ್ಪಂದ

ಈ ಯಂತ್ರಗಳು ಹುಟ್ಟಿದ ಕಾಲದಲ್ಲಿ ಬಹುತೇಕ ಟಿವಿಗಳಿಗಿದ್ದ ಬಾಗಿಲು ಒಂದೇ, ಆಂಟೆನಾ ತಂತಿಯದು. ಹಾಗಾಗಿ ಗೇಮ್ ಯಂತ್ರ ತಾನೇ ಒಂದು ಪುಟ್ಟ ದೂರದರ್ಶನ ಕೇಂದ್ರದ ವೇಷ ಹಾಕಬೇಕಿತ್ತು. ಒಳಗಿನ ತಗಡಿನ ಡಬ್ಬಿ, ಅಂದರೆ ಆರ್‌ಎಫ್ ಮಾಡ್ಯುಲೇಟರ್, ಚಿತ್ರವನ್ನೂ ಸದ್ದನ್ನೂ ರೇಡಿಯೋ ಅಲೆಯ ಮೇಲೆ ಹೇರಿ ಕಳಿಸುತ್ತಿತ್ತು. ಟಿವಿಯ ಕಿವಿ ತಿರುವಿ ಆ ಚಾನೆಲ್ ಹುಡುಕುವುದು ಆಟದ ಮೊದಲ ಸುತ್ತು.

ಟಿವಿ ಚಿತ್ರ ಬಿಡಿಸುವ ಪದ್ಧತಿ ಮಾತ್ರ ಲೋಕಕ್ಕೆಲ್ಲ ಒಂದೇ ಆಗಿರಲಿಲ್ಲ. ಜಪಾನ್ ಮತ್ತು ಅಮೆರಿಕದ್ದು ಎನ್‌ಟಿಎಸ್‌ಸಿ: 525 ಗೆರೆ, ಸೆಕೆಂಡಿಗೆ ಸುಮಾರು 60 ಬಾರಿ ಪರದೆಯ ಮೇಲೆ ಓಟ, ಬಣ್ಣ ಹೊರುವ ಅಲೆ 3.58 ಮೆಗಾಹರ್ಟ್ಜ್. 1982ರಲ್ಲಿ ಏಷ್ಯನ್ ಕ್ರೀಡಾಕೂಟದ ವರ್ಷ ಬಣ್ಣಕ್ಕೆ ತಿರುಗಿದ ಭಾರತ ಆರಿಸಿಕೊಂಡದ್ದು ಪಾಲ್: 625 ಗೆರೆ, 50 ಬಾರಿ, 4.43 ಮೆಗಾಹರ್ಟ್ಜ್. ಬೆಂಗಳೂರು ದೂರದರ್ಶನ ಶುರುವಾದದ್ದು 1981ರ ನವೆಂಬರ್ 1ರಂದು. ಆಮೇಲೆ ನಮ್ಮ ಸೀಮೆಯ ಮನೆಗಳಿಗೆ ಬಂದ ಬಣ್ಣದ ಟಿವಿಗಳೆಲ್ಲ ಪಾಲ್ ಮಾತು ಕಲಿತವೇ. 1990ರ ದಶಕದ ಕೊನೆಯ ಹೊತ್ತಿಗೆ ಎರಡೂ ಪದ್ಧತಿ ಬಲ್ಲ ಟಿವಿಗಳು ಬಂದವು. ಮೆನುವಿನಲ್ಲಿ 'ಕಲರ್ ಸಿಸ್ಟಮ್: ಆಟೋ' ಎಂದಿದ್ದರೆ ಅದು ಅಂಥ ಟಿವಿ.

ಗೆರೆಗಳ ವಿಷಯದಲ್ಲೂ ಒಂದು ಒಳಗುಟ್ಟಿದೆ. ಪ್ರಸಾರದ ಚಿತ್ರದಲ್ಲಿ ಒಂದು ಓಟಕ್ಕೆ ಬೆಸ ಗೆರೆ, ಮುಂದಿನ ಓಟಕ್ಕೆ ಸಮ ಗೆರೆ ಬೀಳುತ್ತವೆ, ಸೀರೆಯ ಹೆಣಿಗೆಯ ಹಾಗೆ. ಹಳೆಯ ಗೇಮ್ ಯಂತ್ರಗಳು ಅರ್ಧ ಗೆರೆಯ ಲೆಕ್ಕ ಬಿಟ್ಟುಬಿಟ್ಟು ಪ್ರತಿ ಓಟದಲ್ಲೂ ಅದೇ ಜಾಗದಲ್ಲಿ ಗೆರೆ ಎಳೆದವು. ಇದನ್ನು 240ಪಿ ಅನ್ನುತ್ತಾರೆ. ಯಾವ ಪ್ರಸಾರ ನಿಯಮದಲ್ಲೂ ಇಂಥದ್ದೊಂದು ಇಲ್ಲ. ಡಬ್ಬಾ ಟಿವಿ ಅದನ್ನು ಪ್ರಶ್ನಿಸಲಿಲ್ಲ. ಗೆರೆ ಶುರುವಾಗುವ ಸನ್ನೆ ಬಂದಾಗ ಎಲೆಕ್ಟ್ರಾನ್ ಕಿರಣವನ್ನು ಎಡಕ್ಕೆ ತರುವುದು, ಓಟ ಮುಗಿದ ಸನ್ನೆ ಬಂದಾಗ ಮೇಲಕ್ಕೆ ಒಯ್ಯುವುದು, ಇಷ್ಟೇ ಅದರ ಕೆಲಸ. ಎಲ್‌ಇಡಿ ಟಿವಿ ಹಾಗಲ್ಲ. ಬಂದದ್ದನ್ನು ಅಳೆದು, ಗುರುತಿಸಿ, ಅಂಕಿಗಳಾಗಿಸಿ, ನೆನಪಿನಲ್ಲಿಟ್ಟು, ಆಮೇಲೆ ತೋರಿಸುತ್ತದೆ. ಗುರುತು ಸಿಗದಿದ್ದರೆ 'ನೋ ಸಿಗ್ನಲ್'.

ಜಾತ್ರೆಯಲ್ಲಿ ಸಿಕ್ಕ ತದ್ರೂಪು

ಮಾವನ ಅಟ್ಟದ ಯಂತ್ರದ ಮೂಲ ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್. ಅದು ಜಪಾನಿನಲ್ಲಿ 1983ರ ಜುಲೈ 15ರಂದು ಮಾರುಕಟ್ಟೆಗೆ ಬಂತು. ನಮ್ಮಲ್ಲಿಗೆ ಬಂದದ್ದು ಅದರ ತದ್ರೂಪುಗಳು. ಸಮುರಾಯ್, ಲಿಟಲ್ ಮಾಸ್ಟರ್ ಎಂಬ ಹೆಸರಲ್ಲೂ, ಹೆಸರೇ ಇಲ್ಲದೆಯೂ ಪೇಟೆಯ ಅಂಗಡಿಗಳಲ್ಲಿ, ಜಾತ್ರೆಯ ಸಾಲುಗಳಲ್ಲಿ ಅವು ಕೂತವು.

ತದ್ರೂಪು ಮಾಡಿದವರು ಸುಮ್ಮನೆ ನಕಲು ಹೊಡೆಯಲಿಲ್ಲ. ಆಟಗಳು ಬರೆಯಲ್ಪಟ್ಟದ್ದು 60 ಓಟದ ಜಪಾನಿಗೆ, ಟಿವಿ ಇದ್ದದ್ದು 50 ಓಟದ್ದು. ಯುರೋಪಿಗೆಂದು ನಿಂಟೆಂಡೊ ಮಾಡಿದ ಪಾಲ್ ಯಂತ್ರದಲ್ಲಿ ಪ್ರೊಸೆಸರಿನ ವೇಗವೂ 1.79ರಿಂದ 1.66 ಮೆಗಾಹರ್ಟ್ಜ್‌ಗೆ ಇಳಿಯಿತು. ಜಪಾನಿನ ಕೆಲವು ಆಟಗಳು ಅದರಲ್ಲಿ ತೊದಲಿದವು. ತೈವಾನಿನ ಯುಎಂಸಿ ಕಂಪನಿಯ ಚಿಪ್‌ಗಳು ಬೇರೆ ದಾರಿ ಹಿಡಿದವು. ಪ್ರೊಸೆಸರ್ ವೇಗವನ್ನು ಮೂಲಕ್ಕೆ ತೀರ ಹತ್ತಿರ, 1.77 ಮೆಗಾಹರ್ಟ್ಜ್‌ನಲ್ಲಿ ಇಟ್ಟು, ಚಿತ್ರ ಮುಗಿದ ಮೇಲೆ ಐವತ್ತು ಖಾಲಿ ಗೆರೆ ಹೆಚ್ಚಿಗೆ ಸೇರಿಸಿ ಒಟ್ಟು 312 ಮಾಡಿದವು. ಜಪಾನಿನ ಕ್ಯಾಸೆಟ್ಟಿಗೆ ತಾನು ಜಪಾನಿನಲ್ಲೇ ಇದ್ದೇನೆ ಅನ್ನಿಸಬೇಕು, ಪಾಲ್ ಟಿವಿಗೆ ತನ್ನೂರಿನದೇ ಚಿತ್ರ ಅನ್ನಿಸಬೇಕು. ರಷ್ಯಾದಲ್ಲಿ 1992ರಿಂದ 'ಡೆಂಡಿ' ಎಂಬ ಹೆಸರಿನ ತದ್ರೂಪು ಮನೆಮಾತಾಯಿತು. ಹಾಗಾಗಿ ಈ ಜಾತಿಗೆ ಆಸಕ್ತರ ವಲಯದಲ್ಲಿ ಡೆಂಡಿ ಎಂದೇ ಹೆಸರು.

ಇದರ ಪರಿಣಾಮ ಕಿವಿಗೂ ಕೇಳುತ್ತದೆ. ಆಟದ ಸಂಗೀತ ಮುಂದೆ ಸಾಗುವುದು ಪರದೆಯ ಓಟದ ಲೆಕ್ಕದಲ್ಲಿ. 60ರ ಬದಲು 50 ಆದಾಗ ಲಯ ಆರರಲ್ಲಿ ಒಂದು ಪಾಲು ನಿಧಾನ. ಶ್ರುತಿ ಹುಟ್ಟುವುದು ಪ್ರೊಸೆಸರ್ ವೇಗದಿಂದ. ಅದು ಹೆಚ್ಚು ಬದಲಾಗಲಿಲ್ಲವಾದ್ದರಿಂದ ಡೆಂಡಿಯಲ್ಲಿ ಶ್ರುತಿ ಹೆಚ್ಚುಕಡಿಮೆ ಮೂಲದ್ದೇ. ಯುರೋಪಿನ ಯಂತ್ರದಲ್ಲಿ ಲಯವೂ ಇಳಿಯುತ್ತಿತ್ತು, ಶ್ರುತಿಯೂ ಒಂದು ಮನೆಗಿಂತ ತುಸು ಹೆಚ್ಚು ಇಳಿಯುತ್ತಿತ್ತು.

ಮೊದಲು ನೋಡಬೇಕಾದ್ದು ತಂತಿ

ಚಿತ್ರ ಬಾರದಾಗ ಎಲ್ಲಕ್ಕಿಂತ ಮೊದಲು ಅನುಮಾನಿಸಬೇಕಾದ್ದು ಅಡಾಪ್ಟರ್. ಅಗ್ಗದ ಅಡಾಪ್ಟರ್ ಬಿಡುವ ಅಲೆಗಳು ಚಿತ್ರದ ಮೇಲೆ ನಿಧಾನಕ್ಕೆ ಏರುವ ಅಡ್ಡಪಟ್ಟಿಗಳಾಗಿ ಕಾಣುತ್ತವೆ. ಅಸಲಿ ಫ್ಯಾಮಿಕಾಮ್‌ಗೆ ನಡುವಿನ ಕಡ್ಡಿ ಋಣ, ಹೊರಬಳೆ ಧನ. ಈಗಿನ ಬಹುತೇಕ ಅಡಾಪ್ಟರ್‌ಗಳು ಇದಕ್ಕೆ ತಿರುಗುಮುರುಗು. ಜಪಾನಿನಿಂದ ತಂದ ಅಡಾಪ್ಟರ್ 100 ವೋಲ್ಟಿನದು, ನಮ್ಮ 230 ವೋಲ್ಟಿಗೆ ಚುಚ್ಚಿದರೆ ಹೊಗೆಯೇ ಗತಿ.

ಎರಡನೆಯದು ಟಿವಿಯ ಬೆನ್ನು. ಈಗಿನ ಎಷ್ಟೋ ಟಿವಿಗಳಲ್ಲಿ ಹಳದಿ-ಕೆಂಪು-ಬಿಳಿ ಮೂರು ತೂತಿನ ಬದಲು ಇಯರ್‌ಫೋನಿನಂಥ ಒಂದೇ 3.5 ಮಿಲಿಮೀಟರ್ ತೂತು ಇರುತ್ತದೆ. ಅದಕ್ಕೆ ಹೋಗುವ ಪಿನ್ನಿನಲ್ಲಿ ನಾಲ್ಕು ಬಳೆ. ಯಾವ ಬಳೆ ಭೂಮಿ, ಯಾವುದು ಚಿತ್ರ ಎಂಬುದರಲ್ಲಿ ಕಂಪನಿಗಳ ನಡುವೆ ಒಮ್ಮತವಿಲ್ಲ. ಪರದೆ ಕಪ್ಪಾಗಿ ಸ್ಪೀಕರಿನಲ್ಲಿ ಜೇನುನೊಣದ ಸದ್ದು ಬಂದರೆ ಚಿತ್ರದ ಸಂಕೇತ ಸದ್ದಿನ ದಾರಿ ಹಿಡಿದಿದೆ ಎಂದೇ ಅರ್ಥ. ಹಳದಿಯನ್ನು ಕೆಂಪಿನ ಜಾಗಕ್ಕೆ ಬದಲಿಸಿ ನೋಡುವುದು ಖರ್ಚಿಲ್ಲದ ಪರೀಕ್ಷೆ. ಕೆಲವು ಟಿವಿಗಳಲ್ಲಿ ಹಳದಿ ತೂತೇ ಇರುವುದಿಲ್ಲ, ಚಿತ್ರವನ್ನು ಮೂರು ತಂತಿಗಳಲ್ಲಿ ಹಂಚಿ ತರುವ ಕಾಂಪೊನೆಂಟ್‌ನ ಹಸಿರು ತೂತಿಗೇ ಹಳದಿ ಪಿನ್ನು ಹಾಕಬೇಕು. ಆಗ ಮೆನುವಿನಲ್ಲಿ ಎವಿ ಆರಿಸದೆ ಕಾಂಪೊನೆಂಟ್ ಆರಿಸಿದರೆ ಚಿತ್ರ ಕಪ್ಪು-ಬಿಳುಪಿನಲ್ಲಿ ಬರುತ್ತದೆ. ಇಂಥದ್ದಕ್ಕೇ ಯಂತ್ರ ಬಿಚ್ಚಿದವರಿದ್ದಾರೆ.

ಬೆಸುಗೆಯ ಕೆಲಸ

ಮೂರನೆಯದು ಸಂಕೇತದ ಬಲ. ಹಳದಿ ತಂತಿಯ ಒಪ್ಪಂದ ಸರಳ: 75 ಓಮ್ ಹೊರೆಯ ಮೇಲೆ ಒಂದು ವೋಲ್ಟಿನ ಸಂಕೇತ. ಆರ್‌ಎಫ್ ಮಾತ್ರ ಇದ್ದ ಯಂತ್ರಕ್ಕೆ ಎವಿ ಪಿನ್ನು ಕೂರಿಸುವಾಗ ಅವಸರದ ರಿಪೇರಿಯಲ್ಲಿ ಚಿತ್ರದ ಚಿಪ್ಪಿನ ಕಾಲಿನಿಂದ ನೇರ ಒಂದು ವೈರು ಎಳೆದು ಬಿಡುವುದುಂಟು. ಚಿಪ್ಪಿಗೆ 75 ಓಮ್ ಹೊರುವ ಕಸುವಿಲ್ಲ. ಸಂಕೇತ ಕುಸಿಯುತ್ತದೆ, ಗೆರೆ ಶುರುವಾಗುವ ಸನ್ನೆ ಸಣ್ಣದಾಗುತ್ತದೆ. ಡಬ್ಬಾ ಟಿವಿ ಇದ್ದಷ್ಟರಲ್ಲೇ ಸಂಭಾಳಿಸಿಕೊಂಡು ಹೋಗುತ್ತದೆ, ಹೊಸ ಟಿವಿ ಸನ್ನೆ ಸಾಲದೆಂದು ಪರದೆ ಮುಚ್ಚುತ್ತದೆ. ಮಾವನ ಯಂತ್ರ ಬಿಚ್ಚಿದಾಗ ಕಂಡದ್ದೂ ಇಂಥ ಬರೀ ವೈರೇ.

ಸರಿಯಾದ ಕ್ರಮದಲ್ಲಿ ನಡುವೆ ಒಂದು ಟ್ರಾನ್ಸಿಸ್ಟರ್, ಎರಡು ಮೂರು ರೆಸಿಸ್ಟರ್, ಒಂದು ಕೆಪಾಸಿಟರ್ ಬೇಕು. ಟ್ರಾನ್ಸಿಸ್ಟರ್ ಚಿಪ್ಪಿನ ಪರವಾಗಿ ಹೊರೆ ಹೊರುತ್ತದೆ. ಎಲ್ಲ ಸೇರಿ ಒಂದು ಊಟದ ಬೆಲೆಯೂ ಆಗದು. ಹಡಗಲಿ, ಹಗರಿಬೊಮ್ಮನಹಳ್ಳಿಯಂಥ ಊರಿನ ಟಿವಿ ರಿಪೇರಿಯವರ ಡಬ್ಬಿಯಲ್ಲೇ ಇರುವ ಸಾಮಾನು, ಬೆಂಗಳೂರಿನ ಎಸ್.ಪಿ. ರೋಡಿನವರೆಗೆ ಹೋಗಬೇಕಿಲ್ಲ. ಅಸಲಿ ಫ್ಯಾಮಿಕಾಮ್‌ನಲ್ಲಿ ಈ ಕೆಲಸದ ನಂತರವೂ ಚಿತ್ರದಲ್ಲಿ ಜೈಲುಕಂಬಿಯಂಥ ನಿಲುವು ಗೆರೆಗಳು ಉಳಿಯುವುದುಂಟು. ಅಕ್ಕಪಕ್ಕದ ತಂತಿಗಳ ಗದ್ದಲ ಚಿತ್ರದ ತಂತಿಗೆ ಸೋರುವುದರಿಂದ ಹೀಗಾಗುತ್ತದೆ. ಚಿತ್ರದ ಚಿಪ್ಪಿನ 21ನೇ ಕಾಲನ್ನು ಬೋರ್ಡಿನಿಂದ ಎತ್ತಿ ಅಲ್ಲಿಂದಲೇ ಸಂಕೇತ ತೆಗೆಯುವುದು ಬಲ್ಲವರ ದಾರಿ. ಸಂಕೇತವನ್ನು ಹುಟ್ಟಿದ ಜಾಗಕ್ಕೆ ಎಷ್ಟು ಹತ್ತಿರ ಹಿಡಿದರೆ ಮುಂದೆ ತೊಳೆಯುವ ಕೆಲಸ ಅಷ್ಟು ಕಡಿಮೆ.

ಇದಕ್ಕಿಂತ ಮುಂದೆ ಹೋಗಿ ಬಣ್ಣಗಳನ್ನು ಬೇರೆಬೇರೆಯಾಗಿ, ಆರ್‌ಜಿಬಿಯಲ್ಲಿ ತೆಗೆಯೋಣವೆಂದರೆ ಈ ಜಾತಿಯಲ್ಲಿ ಒಂದು ಅಡ್ಡಗೋಡೆಯಿದೆ. ಇದರ ಚಿತ್ರದ ಚಿಪ್ ಕೆಂಪು, ಹಸಿರು, ನೀಲಿಯನ್ನು ಬೇರೆ ಮಾಡಿ ಕೊಡುವುದೇ ಇಲ್ಲ, ಹುಟ್ಟುವಾಗಲೇ ಎಲ್ಲ ಬೆರೆತ ಕಾಂಪೊಸಿಟ್ ಸಂಕೇತ. ಟಿಮ್ ವರ್ದಿಂಗ್ಟನ್ ರೂಪಿಸಿದ ಎನ್‌ಇಎಸ್‌ಆರ್‌ಜಿಬಿ ಎಂಬ ಬೋರ್ಡು ಚಿಪ್ಪಿಗೂ ಯಂತ್ರಕ್ಕೂ ನಡುವೆ ಕೂತು, ಅವೆರಡರ ಮಾತನ್ನು ಕದ್ದು ಕೇಳಿ ಚಿತ್ರವನ್ನು ಹೊಸದಾಗಿ ಬರೆಯುತ್ತದೆ. ಕೆವಿನ್ ಹಾರ್ಟನ್‌ರ ಹೈ-ಡೆಫ್ ಎನ್‌ಇಎಸ್ ಅದೇ ಉಪಾಯದಿಂದ ನೇರ ಎಚ್‌ಡಿಎಂಐ ಕೊಡುತ್ತದೆ. ಎರಡೂ ನಿಂಟೆಂಡೊದ ಅಸಲಿ ಯಂತ್ರಗಳಿಗಾಗಿ ಮಾಡಿದವು. ನಮ್ಮ ಜಾತ್ರೆಯ ಯಂತ್ರ ಬಿಚ್ಚಿದರೆ ಹಲವು ಸಲ ಕಾಣುವುದು ಒಂದು ಕರಿ ರಾಳದ ಹನಿ, ಇಡೀ ಯಂತ್ರ ಅದರೊಳಗೆ. ಎತ್ತಲು ಕಾಲೇ ಇಲ್ಲ.

ನಡುವಿನ ಡಬ್ಬಿಗಳು

ತಂತಿ, ಬಲ ಎರಡೂ ಸರಿಯಾದ ಮೇಲೂ ಟಿವಿ ಒಪ್ಪದಿದ್ದರೆ ಜಗಳ ಕಾಲಗಣನೆಯದು. ಡಬ್ಬಿಗೆ ಕೆಲಸ ಬರುವುದು ಈಗ.

ಕೆಲವು ನೂರು ರೂಪಾಯಿಗೆ ಸಿಗುವ ಎವಿ-ಎಚ್‌ಡಿಎಂಐ ಡಬ್ಬಿ ಬಂದ ಚಿತ್ರವನ್ನು ಹೆಣೆದ ಪ್ರಸಾರದ ಚಿತ್ರವೆಂದೇ ಭಾವಿಸಿ ಎರಡು ಓಟಗಳನ್ನು ಬೆರೆಸುತ್ತದೆ. ಓಟ ಬಿಟ್ಟು ಓಟ ಮಿನುಗುವ ನೆರಳು, ಪೆಟ್ಟು ತಿಂದು ಮಿನುಗುವ ಆಟಗಾರ ಇಂಥ ಬೆರಕೆಯಲ್ಲಿ ಕೆಲವೊಮ್ಮೆ ಪೂರ್ತಿ ಮಾಯ, ಕೆಲವೊಮ್ಮೆ ಬಾಚಣಿಗೆಯ ಹಲ್ಲಿನಂತೆ ಸೀಳು. ವೇಗದ ವ್ಯತ್ಯಾಸವೂ ಇದೆ. ಅಸಲಿ ಫ್ಯಾಮಿಕಾಮ್ ಸೆಕೆಂಡಿಗೆ 60.0988 ಬಾರಿ ಓಡುತ್ತದೆ. ಡಬ್ಬಿ ಹೊರಗೆ ಸರಿಯಾಗಿ 60 ಕೊಟ್ಟರೆ ಸುಮಾರು ಹತ್ತು ಸೆಕೆಂಡಿಗೊಮ್ಮೆ ಒಂದು ಚಿತ್ರವನ್ನು ಕೈಬಿಡಲೇಬೇಕು, ಆಟ ಅಲ್ಲಿ ಸಣ್ಣಗೆ ಮುಗ್ಗರಿಸುತ್ತದೆ. ಜೊತೆಗೆ ತಡ. 60ರಲ್ಲಿ ಒಂದು ಚಿತ್ರದ ಆಯುಷ್ಯ 16.7 ಮಿಲಿಸೆಕೆಂಡ್, 50ರಲ್ಲಿ 20. ಡಬ್ಬಿ ಎರಡು ಚಿತ್ರ, ಟಿವಿ ಎರಡು ಚಿತ್ರ ಹಿಡಿದಿಟ್ಟುಕೊಂಡರೆ ಗುಂಡಿ ಒತ್ತಿದ ಮಾರಿಯೋ ಹಳ್ಳಕ್ಕೆ ಬಿದ್ದಮೇಲೆ ಜಿಗಿಯುತ್ತಾನೆ. ಟಿವಿಯ 'ಗೇಮ್ ಮೋಡ್' ಒತ್ತುವುದು ಇದಕ್ಕೆ ಪುಕ್ಕಟೆ ಅರ್ಧ ಪರಿಹಾರ.

ಒಳ್ಳೆಯ ಡಬ್ಬಿಗಳು 240ಪಿಯನ್ನು ಅದು ಇರುವಂತೆಯೇ ಗುರುತಿಸುತ್ತವೆ. ಓಎಸ್‌ಎಸ್‌ಸಿ ಎಂಬುದು ಚಿತ್ರವನ್ನು ಪೂರ್ತಿ ನೆನಪಿಟ್ಟುಕೊಳ್ಳದೆ, ಬಂದ ಗೆರೆಯನ್ನು ಬಂದ ಹಾಗೆಯೇ ಎರಡು, ಮೂರು, ಐದು ಬಾರಿ ಬರೆದು ಮುಂದೆ ದಾಟಿಸುತ್ತದೆ. ತಡ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಯಂತ್ರದ ವೇಗವನ್ನೂ ಹಾಗೇ ದಾಟಿಸುವುದರಿಂದ ಕೆಲವು ಟಿವಿ ಅದನ್ನು ಒಪ್ಪುವುದಿಲ್ಲ. ಮೈಕ್ ಚಿ ರೂಪಿಸಿದ ರೆಟ್ರೋಟಿಂಕ್ ಸಾಲಿನ ಡಬ್ಬಿಗಳಲ್ಲಿ ಕಾಂಪೊಸಿಟ್ ಸಂಕೇತವನ್ನು ನೇರ ತೆಗೆದುಕೊಳ್ಳುವ ಅನುಕೂಲವಿದೆ. ಇಂಥವುಗಳ ಮೇಲಿನ ದರ್ಜೆಯವನ್ನು ಸುಂಕ ಕಟ್ಟಿ ತರಿಸಿದರೆ 32 ಇಂಚಿನ ಟಿವಿಯ ಬೆಲೆಯನ್ನೂ ಮೀರಬಹುದು. ಕೈ ಕೆಲಸ ಬಲ್ಲ ಬಡವರ ದಾರಿ ಜಿಬಿಎಸ್-8200. ಹಳೆಯ ಆರ್ಕೇಡ್ ಯಂತ್ರಗಳನ್ನು ಕಂಪ್ಯೂಟರ್ ಮಾನಿಟರಿಗೆ ಜೋಡಿಸಲೆಂದು ಮಾಡಿದ ಅಗ್ಗದ ಬೋರ್ಡು ಅದು. ಅದಕ್ಕೆ ಒಂದು ಪುಟ್ಟ ಇಎಸ್‌ಪಿ8266 ಚಿಪ್ ಬೆಸೆದು ಜಿಬಿಎಸ್-ಕಂಟ್ರೋಲ್ ತಂತ್ರಾಂಶ ತುಂಬಿದರೆ ಬೆಲೆಗೆ ಮೀರಿದ ಕೆಲಸ ಮಾಡುತ್ತದೆ. ಆದರೆ ಅದಕ್ಕೆ ಬೇಕಾದ್ದು ಆರ್‌ಜಿಬಿ ಅಥವಾ ಕಾಂಪೊನೆಂಟ್. ಹಳದಿ ಪಿನ್ನೊಂದೇ ಇರುವ ಯಂತ್ರಕ್ಕೆ ನೇರ ಉಪಯೋಗವಿಲ್ಲ.

ಊರು ಬದಲಾದರೆ ಉತ್ತರವೂ ಬದಲಾಗುತ್ತದೆ. ಭಾರತದಲ್ಲಿ ಮಾರುವ ಟಿವಿಗಳಿಗೆ 50 ಓಟದ ಚಿತ್ರ ಹೊಸದಲ್ಲ. ಇಲ್ಲಿಯ ಯಂತ್ರವನ್ನು ಅಮೆರಿಕದ ಮಕ್ಕಳ ಮನೆಗೆ ಒಯ್ದ ಕನ್ನಡದ ಕುಟುಂಬಕ್ಕೆ ಅದೇ ಯಂತ್ರ ಒಗಟಾಗುತ್ತದೆ. ಅಲ್ಲಿನ ಎಷ್ಟೋ ಟಿವಿಗಳು ಎಚ್‌ಡಿಎಂಐನಲ್ಲಿ ಬಂದರೂ 50 ಅನ್ನು ಒಪ್ಪುವುದಿಲ್ಲ. ಅಲ್ಲಿ ವೇಗವನ್ನೂ ಬದಲಿಸುವ ಡಬ್ಬಿಯೇ ಬೇಕು, ಮುಗ್ಗರಿಕೆಯನ್ನು ಸಹಿಸಲೇಬೇಕು.

ಬಣ್ಣ ಕಳೆದ ಪ್ಲೇಸ್ಟೇಷನ್

ಮುಂದಿನ ಪೀಳಿಗೆಯ ಯಂತ್ರಗಳಲ್ಲಿ ತೊಡಕಿನ ರೂಪ ಬೇರೆ. 1994ರ ಡಿಸೆಂಬರಿನಲ್ಲಿ ಜಪಾನಿಗೆ ಬಂದ ಮೊದಲ ಪ್ಲೇಸ್ಟೇಷನ್ನಿಗೆ ಮಾಡ್‌ಚಿಪ್ ಹಾಕಿಸಿ ಬೇರೆ ದೇಶದ ಡಿಸ್ಕು ಆಡಿದವರಿಗೆ ಒಂದು ಅನುಭವ ಸಮಾನ: ಆಟ ಚೆನ್ನಾಗಿ ಓಡುತ್ತದೆ, ಬಣ್ಣವೇ ಇಲ್ಲ. ಕಾರಣ ಗಡಿಯಾರದಲ್ಲಿದೆ. ಪಾಲ್ ಪ್ಲೇಸ್ಟೇಷನ್ನಿನ ಚಿತ್ರದ ಗಡಿಯಾರ 53.20 ಮೆಗಾಹರ್ಟ್ಜ್. 12ರಿಂದ ಭಾಗಿಸಿದರೆ ಪಾಲ್ ಬಣ್ಣದ 4.43 ಸರಿಯಾಗಿ ಬರುತ್ತದೆ. ಎನ್‌ಟಿಎಸ್‌ಸಿ ಡಿಸ್ಕು ಹಾಕಿದಾಗ ಅದನ್ನೇ 15ರಿಂದ ಭಾಗಿಸಿದರೆ ಬರುವುದು 3.547, ಬೇಕಾದ್ದು 3.580. ಟಿವಿ ಆ ಬಣ್ಣವನ್ನು ಗುರುತಿಸುವುದಿಲ್ಲ. ಎರಡು ವೇಗದ ಗಡಿಯಾರ ಕೂರಿಸುವುದು, ಅಥವಾ ಬಣ್ಣದ ಅಲೆಯೇ ಬೇಡದ ಆರ್‌ಜಿಬಿ ತಂತಿ ಬಳಸುವುದು ಇದಕ್ಕೆ ಮದ್ದು. ಎವಿ-ಎಚ್‌ಡಿಎಂಐ ಡಬ್ಬಿ ಬಂದ ಕಪ್ಪು-ಬಿಳುಪನ್ನೇ ಎಚ್‌ಡಿಎಂಐಗೆ ಹಾಕುತ್ತದೆ, ಅಷ್ಟೆ. 1990ರ ದಶಕದ ಮಧ್ಯದಲ್ಲಿ ಶಾ ವ್ಯಾಲೇಸ್ ಕಂಪನಿಯ ಮೂಲಕ ಭಾರತಕ್ಕೆ ಬಂದ ಸೆಗಾ ಮೆಗಾ ಡ್ರೈವ್‌ಗೆ 50-60ರ ಸ್ವಿಚ್ಚು ಹಾಕಿಸಿದವರಿಗೂ ಇದರ ತಮ್ಮನಂಥ ತೊಂದರೆ: ಓಟ 60 ಆದರೂ ಬಣ್ಣ ಪಾಲ್‌ನದೇ ಉಳಿಯುತ್ತದೆ. ಕೆಲವು ಟಿವಿ ಒಪ್ಪುತ್ತವೆ, ಕೆಲವು ಇಲ್ಲ.

ಪ್ಲೇಸ್ಟೇಷನ್ 2 ಬಂದದ್ದು 2000ದಲ್ಲಿ. ಈ ಯಂತ್ರದಲ್ಲಿ ಕಾಂಪೊನೆಂಟ್ ದಾರಿ ಹುಟ್ಟಿನಿಂದಲೇ ಇದೆ, ಬೆಸುಗೆ ಬೇಡ. ಮೆನುವಿನಲ್ಲಿ ಕಾಂಪೊನೆಂಟ್ ಬದಲು ಆರ್‌ಜಿಬಿ ಆರಿಸಿದ್ದರೆ ಚಿತ್ರ ಹಸಿರು ಹಸಿರಾಗುತ್ತದೆ. ಯಂತ್ರ ಕೆಟ್ಟಿತೆಂದು ಹೆದರಬೇಕಿಲ್ಲ. ಹಿಂದೆ ಸಿಕ್ಕಿಸುವ ಚಿಕ್ಕ ಎಚ್‌ಡಿಎಂಐ ತುಂಡುಗಳು ಹೆಣೆದ ಚಿತ್ರವನ್ನು ಹೆಣೆದಂತೆಯೇ ದಾಟಿಸುತ್ತವೆ. ಟಿವಿ ಒಪ್ಪಿದರೂ ಕಂಪ್ಯೂಟರ್ ಮಾನಿಟರ್ ಒಪ್ಪದಿರುವುದು ಅದಕ್ಕೆ. ತಂತ್ರಾಂಶದಿಂದ ತಿದ್ದಿದ ಯಂತ್ರಗಳಲ್ಲಿ ಜಿಎಸ್‌ಎಂ ಎಂಬ ಸಾಧನ ಆಟವನ್ನು 480ಪಿಗೆ ಬಲವಂತ ಮಾಡಬಲ್ಲದು, ಎಲ್ಲ ಆಟವೂ ಬಗ್ಗುವುದಿಲ್ಲ. ಒಂದು ಗೆರೆ ನೆನಪಿರಲಿ: ಚಿತ್ರದ ದಾರಿ ತಿದ್ದುವುದು ಬೇರೆ, ನಕಲು ತಡೆಯುವ ಬೀಗ ಮುರಿಯುವುದು ಬೇರೆ. 2012ರಲ್ಲಿ ಕೃತಿಸ್ವಾಮ್ಯ ಕಾಯಿದೆಗೆ ಸೇರಿದ 65ಎ ಕಲಮು ಎರಡನೆಯದರ ಬಗ್ಗೆ ಇದೆ.

ಯಾವ ಡಬ್ಬಿಗೂ ಬಗ್ಗದ ಬಂದೂಕು

ಈ ಎಲ್ಲ ದಾರಿಗಳೂ ಸೋಲುವ ಜಾಗ ಒಂದಿದೆ, ಬಾತುಕೋಳಿ ಹೊಡೆಯುವ ಆ ಪ್ಲಾಸ್ಟಿಕ್ ಬಂದೂಕು. ಅದರಿಂದ ಏನೂ ಹೊರಡುವುದಿಲ್ಲ, ಅದು ಬರೀ ಕಣ್ಣು. ಕುದುರೆ ಎಳೆದಾಗ ಪರದೆ ಕಪ್ಪಾಗಿ, ಹಕ್ಕಿಯ ಜಾಗದಲ್ಲಿ ಬಿಳಿ ಚೌಕ ಮಿಂಚುತ್ತದೆ. ಬಂದೂಕಿಗೆ ಬೆಳಕು ಕಂಡರೆ ಪೆಟ್ಟು. ಆ ಬೆಳಕು ಆ ಗಳಿಗೆಯಲ್ಲೇ ಬರಬೇಕು, ಡಬ್ಬಾ ಟಿವಿಯ ಗೆರೆಗಳು ಬೀಳುವ ಲಯದಲ್ಲೇ, ಸೆಕೆಂಡಿಗೆ ಹದಿನೈದು ಸಾವಿರಕ್ಕೂ ಮಿಕ್ಕಿ, ಮಿಡಿಯಬೇಕು. ಎಲ್‌ಇಡಿ ಪರದೆ ತಡವಾಗಿ, ಒಂದೇ ಸಮ ಬೆಳಗುತ್ತದೆ. ಎಷ್ಟೇ ದುಬಾರಿ ಡಬ್ಬಿ ತಂದರೂ ಬಾತು ಹಾರಿಹೋಗುತ್ತದೆ. ಬಂದೂಕಿನ ಆಸೆಯಿದ್ದವರಿಗೆ ಡಬ್ಬಾ ಟಿವಿಯೇ ಬೇಕು. ಅದನ್ನು ಉಳಿಸಿಕೊಳ್ಳುವವರು ಒಂದು ಎಚ್ಚರ ಇಟ್ಟುಕೊಳ್ಳಲಿ: ಬಣ್ಣದ ಪಿಕ್ಚರ್ ಟ್ಯೂಬಿನಲ್ಲಿ ಇಪ್ಪತ್ತು ಸಾವಿರ ವೋಲ್ಟಿನ ಆಸುಪಾಸು ಇರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಲಹೊತ್ತು ಉಳಿಯುತ್ತದೆ. ಅದರ ಬೆನ್ನು ಬಿಚ್ಚುವುದು ಬಲ್ಲವರ ಕೆಲಸ.

ಇಷ್ಟನ್ನೆಲ್ಲ ನೋಡಿದರೆ ಕ್ರಮ ತಾನಾಗಿ ಕಾಣುತ್ತದೆ: ಅಡಾಪ್ಟರ್, ಪಿನ್ನು, ಮೆನು, ಬಲ, ಕಾಲಗಣನೆ, ಬಣ್ಣ. ಮೊದಲ ನಾಲ್ಕಕ್ಕೆ ಡಬ್ಬಿ ಬೇಕಿಲ್ಲ, ಕೊನೆಯದಕ್ಕೆ ಹಲವು ಸಲ ಡಬ್ಬಿ ಸಾಲುವುದಿಲ್ಲ. ಡಬ್ಬಿ ನಿಜಕ್ಕೂ ದುಡಿಯುವುದು ಐದನೆಯದರಲ್ಲಿ ಮಾತ್ರ.

ಇಟ್ಟಿಗಿಯ ಯಂತ್ರಕ್ಕೆ ಬೇಕಾದದ್ದು ಒಂದು ಟ್ರಾನ್ಸಿಸ್ಟರ್, ಮತ್ತು ತಿರುಗಿಸಿ ಹಾಕಿದ ಹಳದಿ ಪಿನ್ನು. ಎಲ್‌ಇಡಿಯಲ್ಲಿ ಬಣ್ಣದ ಚಿತ್ರ ನಿಂತಿತು. ನೆರಳು ಆಗಾಗ ಸೀಳಿದರೂ ಆಡಲು ಅಡ್ಡಿಯಿರಲಿಲ್ಲ. ಮಾವನ ಅಳಿಯನಿಗೆ ಇದೆಲ್ಲ ಸುಮ್ಮನೆ ಗೋಳು ಅನ್ನಿಸಿ, ತನ್ನ ಫೋನಿನಲ್ಲಿ ಅದೇ ಆಟ ತೆರೆದು ಟಿವಿಗೆ ಕಳಿಸಿದ. ಅಂಚು ಚೂಪು, ಬಣ್ಣ ಸ್ವಚ್ಛ, ವೇಗ ಜಪಾನಿನವರು ಬರೆದಂತೆ 60. ಮಾವನ ಮಗ ಎರಡು ನಿಮಿಷ ಆಡಿ ಫೋನು ಕೆಳಗಿಟ್ಟ. "ಇದು ಓಡಾಕತ್ತೈತಿ. ನಮ್ದು ನಡೀತಿತ್ತು" ಅಂದ. ಆರರಲ್ಲಿ ಒಂದು ಪಾಲಿನ ಆ ಲೆಕ್ಕ ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.